ಮೂವತ್ತೆರಡು ಪುಟ

ಸ್ಕಾರ್ಬರೋದ ಕಡಲ ದಂಡೆಯಲ್ಲಿ ಕತ್ತೆಗಳಿವೆ.
ಹಣೆಪಟ್ಟಿಯ ಮೇಲೆ ಹೆಸರು,
ಡಾಲಿ, ಬಸ್ಟರ್, ಪ್ರಿಮ್‌ರೋಸ್.
ಮಕ್ಕಳನ್ನು ಹೊತ್ತು ಐಸ್‌ಕ್ರೀಮ್ ಗಾಡಿಯ ತನಕ,
ಮತ್ತೆ ಅದೇ ಹೆಜ್ಜೆಗುರುತಿನ ಮೇಲೆ ವಾಪಸು.
ಮೊದಲ ಸಲ ಕಂಡಾಗ ನಾನು ನೋಡಿದ್ದು ಕಾಲು.
ಹಗ್ಗವಿರಲಿಲ್ಲ.

ಗದಗದಲ್ಲಿ ಮುಂಗಾಲೆರಡೂ ಕೂಡಿಸಿ ಬಿಗಿದು ಬಿಡುತ್ತಿದ್ದರು.
ಕುಪ್ಪಳಿಸುತ್ತ ಬರುತ್ತಿದ್ದವು ಟಾಕೀಸಿನ ಗೋಡೆಗೆ,
ಹಳೆ ಪೋಸ್ಟರು ತಿನ್ನಲು, ಮೈದಾ ಅಂಟಿನ ರುಚಿಗೆ.
ಅದೇ ಗೋಡೆಯ ಇನ್ನೊಂದು ಮಗ್ಗುಲಲ್ಲಿ
ನಮ್ಮಪ್ಪ ಏಣಿಯ ಮೇಲೆ:
ಗೊಬ್ಬರದಂಗಡಿ, ಹಲ್ಲಿನ ಡಾಕ್ಟರು, ಸೋಲಲಿರುವ ಪಕ್ಷ.
ಅಕ್ಷರಕ್ಕೆ ನೆರಳು ಕೊಡುವುದು ಅವನೇ ಕಲಿಸಿದ್ದು.
"ಬೆಳಕು ಯಾ ಕಡಿಂದ ಬರತೈತಿ, ಮೊದಲ ನಿಕ್ಕಿ ಮಾಡ್ಕೋ.
ಆಮ್ಯಾಲ ಬದಲಿಸಬ್ಯಾಡ."

ಇಲ್ಲಿ ಬೆಳಕಿಗೆ ಕಡೆಯೇ ಇಲ್ಲ.
ಒದ್ದೆ ಟವೆಲಿನಿಂದ ಜಿನುಗಿದಂತೆ ಎಲ್ಲೆಡೆಯಿಂದ ಒಂದಿಷ್ಟು.
ಬಂದದ್ದು ಹ್ಯಾಲಿಫ್ಯಾಕ್ಸಿಗೆ, ಜಮಖಾನೆಯ ಮಿಲ್ಲಿಗೆ ಹೂಬಳ್ಳಿ ಬರೆಯಲು.
ಮಿಲ್ಲು ಮುಚ್ಚಿತು, ಬಣ್ಣದ ಪೆಟ್ಟಿಗೆ ತೆರೆದೇ ಇತ್ತು.
ಮೊದಲ ಪುಸ್ತಕದಲ್ಲಿ ನನ್ನ ನೆರಳು ತೀರ ಕಪ್ಪು.
"ಈ ಮೊಲಕ್ಕೆ ಏನಾದರೂ ಆಪತ್ತು ಬರಲಿದೆಯೆ?"
ಫೋನಿನಲ್ಲಿ ಕೇಳಿದಳು ಸಂಪಾದಕಿ ಹಿಲರಿ,
ಬಹಳ ಸೌಜನ್ಯದಿಂದ.

ಮೂವತ್ತೆರಡು ಪುಟ. ಯಾವಾಗಲೂ ಅಷ್ಟೇ.
ಕಾಗದ ಮಡಚುವ ಲೆಕ್ಕ ಅದು, ಕತೆಯ ಲೆಕ್ಕವಲ್ಲ.
ಹನ್ನೆರಡಕ್ಕೆ ಮಳೆ ಬರಬೇಕು,
ಇಪ್ಪತ್ತೆಂಟಕ್ಕೆ ಎಲ್ಲರೂ ಮನೆ ಸೇರಬೇಕು.
ನಡುವಿನ ಹೊಲಿಗೆಗೆ ಮುಖ ಸಿಕ್ಕಬಾರದು.
ಒಮ್ಮೆ ಸಿಕ್ಕಿತ್ತು, ಯಾರದೋ ಅಜ್ಜಿಯ ಮೂಗು,
ಎರಡು ಸಾವಿರ ಪ್ರತಿ.

ನಲವತ್ತೊಂದು ಪುಸ್ತಕ.
ಎಂದೂ ಕಾಣದ ಪ್ರಾಣಿಗಳಿಗೆ ಸ್ವೆಟರು ತೊಡಿಸಿದ್ದೇನೆ.
ಬ್ಯಾಜರ್ ಕಂಡದ್ದು ಒಂದೇ ಸಲ,
ಬಯಲ ರಸ್ತೆಯ ಬದಿಗೆ, ಸತ್ತು ಬಿದ್ದದ್ದು.
ಕಾರು ನಿಲ್ಲಿಸಿ ಕೂತು ಪಂಜ ಬರೆದುಕೊಂಡೆ.
ಹನ್ನೊಂದು ಪುಸ್ತಕಗಳಲ್ಲಿ ಅದುವರೆಗೂ ತಪ್ಪು ಬರೆದಿದ್ದೆ.
ಯಾರೂ ಹೇಳಿರಲಿಲ್ಲ.

ಅಪ್ಪ ಹೋದ ಸುದ್ದಿ ಬಂದಾಗ
ಬಾತುಕೋಳಿಯ ಕೆರೆ ಕಾಗದದ ಮೇಲೆ ಇನ್ನೂ ಹಸಿ.
ನೀರಿನ ಬಣ್ಣ ಕಾಯುವುದಿಲ್ಲ. ಕೆರೆ ಮುಗಿಸಿದೆ.
ಮುಗಿಸಿ ನೋಡಿದರೆ, ಹತ್ತೊಂಬತ್ತನೆಯ ಪುಟದ ಬೇಲಿಯಾಚೆ
ಹೆಬ್ಬೆರಳ ಉಗುರಿನಷ್ಟು ಒಂದು ಕತ್ತೆ.
ಮುಂಗಾಲಿಗೆ ಹಗ್ಗ.
ತಾನೇ ಬಂತು ಎಂದು ಸುಳ್ಳು ಹೇಳಲಾರೆ.

ಅಲ್ಲಿಂದ ಮುಂದೆ ಪುಸ್ತಕಕ್ಕೊಂದು:
ಕೊಟ್ಟಿಗೆಯ ಕಿಂಡಿಯಲ್ಲಿ, ಬಿಸ್ಕತ್ತಿನ ಡಬ್ಬಿಯ ಮೇಲೆ,
ಒಮ್ಮೆ ಚಂದ್ರನ ಕಲೆಯೊಳಗೆ.
ಹಿಲರಿ ನಿವೃತ್ತಳಾಗಿ ಹೋದಳು.
ಅವಳಿಗೆ ಕಾಣಲಿಲ್ಲ,
ಅಥವಾ ಸೌಜನ್ಯ.

ಮಾರ್ಚಿನಲ್ಲಿ ಗ್ರಂಥಾಲಯದಲ್ಲಿ ಮಕ್ಕಳಿಗೆ ಓದುವ ಕರೆ.
ಹೀಟರಿನ ಮೇಲೆ ಹಸಿ ಕೋಟುಗಳ ಉಣ್ಣೆಯ ವಾಸನೆ.
ಕ್ಯಾಲಮ್ ಅಂತ, ಆರು ವರ್ಷ, ಮುಂದಿನ ಹಲ್ಲಿಲ್ಲ,
ನೇರ ಬಂದು ಹತ್ತೊಂಬತ್ತನೆಯ ಪುಟಕ್ಕೆ ಬೆರಳಿಟ್ಟ.
"ಇದರ ಕಾಲು ಯಾಕೆ ಕಟ್ಟಿದ್ದಾರೆ?"

ನಮ್ಮೂರಲ್ಲಿ ಕಟ್ಟುತ್ತಾರೆ ಮರಿ, ಅಂದೆ.
ದೂರ ಹೋಗದಿರಲಿ ಅಂತ.

ಅವನು ನನ್ನನ್ನು ನೋಡಿದ. ಪುಸ್ತಕ ನೋಡಿದ.
ಕಿಟಕಿಯಾಚೆ ಬೂದು ಕಡಲು ನೋಡಿದ.
"ಬಂದೇಬಿಟ್ಟಿದೆಯಲ್ಲ," ಅಂದ.
ತೋಳಿಗೆ ಮೂಗು ಒರೆಸಿಕೊಂಡು
ಡೈನೊಸಾರಿನದು ಇದೆಯಾ ಎಂದು ಕೇಳಿದ.

ಇರಲಿಲ್ಲ.

ನಲವತ್ತೆರಡನೆಯದು ಮೇಜಿನ ಮೇಲಿದೆ,
ಇಪ್ಪತ್ತೆಂಟನೆಯ ಪುಟ ಇನ್ನೂ ಬಿಳಿ.
ನರಿ, ಮುಳ್ಳುಹಂದಿ, ಕೊಡೆ ಕಳೆದುಕೊಂಡ ಹೆಂಗಸು
ಸಾಲಾಗಿ ನಿಂತಿದ್ದಾರೆ ಪೆನ್ಸಿಲಿನಲ್ಲಿ,
ಬಾಗಿಲು ಎಲ್ಲಿ ಬರೆಯುತ್ತಾಳೋ ಎಂದು.
ಬೆಳಕು ಯಾವ ಕಡೆಯಿಂದ, ನಿಕ್ಕಿ ಮಾಡಿಲ್ಲ.
ಕುಂಚ ಅದ್ದಿದ ಜಾಮ್ ಬಾಟ್ಲಿಯ ನೀರು
ಕಡಲಿನ ಬಣ್ಣಕ್ಕೆ ತಿರುಗಿದೆ.
ಎದ್ದು ಚೆಲ್ಲಬೇಕು.